ಚೀಲದೊಳಗೆ ಹೋದ ಕಾರ್ಡು

ಡಾಕ್ಟರು ಬರೆದುಕೊಟ್ಟ ತಾರೀಖಿಗೆ ನಾನು ಸಾಲಾಗಿ ನಾಲ್ಕು ಸಲ ಹೋಗಲಿಲ್ಲ. ಬಸ್ಸು ಸಿಗಲಿಲ್ಲ, ಮಾಲು ಬಹಳ ಬಂದಿತ್ತು, ಮೊಮ್ಮಗಳಿಗೆ ಜ್ವರ ಎಂದು ಆಗ ಎಲ್ಲರಿಗೂ ಹೇಳಿದೆ. ಅದರಲ್ಲಿ ಒಂದೂ ಖರೆ ಅಲ್ಲ. ಬಸ್ಸು ಇತ್ತು. ಮೊಮ್ಮಗಳು ಗಟ್ಟಿಯಾಗಿಯೇ ಇದ್ದಳು.

ನಾನು ಹುಮನಾಬಾದಿನ ಕಾಳಿನ ಬಜಾರಿನಲ್ಲಿ ಚೀಲದ ಬಾಯಿ ಹೊಲಿಯುವವಳು. ಊರು ಘಾಟಬೋರಾಳ. ಬೆಳಿಗ್ಗೆ ಆಟೋ ಹಿಡಿದು ಹೋದರೆ ಸಂಜೆಗೆ ಮನೆ. ರೈತರು ತಂದ ಮಾಲನ್ನು ಅಡತಿ ಅಂಗಡಿಯ ಮುಂದೆ ರಾಶಿ ಸುರಿಯುತ್ತಾರೆ. ಸವಾಲು ಕೂಗಿ ಬೆಲೆ ನಿಂತ ಮೇಲೆ ಹೆಂಗಸರು ಜರಡಿ ಹಿಡಿಯುತ್ತಾರೆ, ಹಮಾಲರು ಚೀಲ ತುಂಬಿ ಕಾಟಾದ ಮೇಲೆ ಇಡುತ್ತಾರೆ. ತೂಕ ಆದ ಚೀಲ ನನ್ನ ಮುಂದೆ ಬರುತ್ತದೆ.

ಹೊಲಿಯುವುದು ನೋಡಿದವರಿಗೆ ಹಗುರ. ಬಾಯಿಯ ಅಂಚನ್ನು ಎರಡು ಸಲ ಒಳಕ್ಕೆ ಮಡಚಬೇಕು. ಎಡ ಮೂಲೆಯಲ್ಲಿ ಹಮಾಲರ ಕೈಗೆ ಸಿಗುವಷ್ಟು ಕಿವಿ ಬಿಟ್ಟು ಸುತಳಿ ಬಿಗಿಯಬೇಕು. ಅಲ್ಲಿಂದ ಬಲ ಕಿವಿಯವರೆಗೆ ಹದಿನಾಲ್ಕು ಹೊಲಿಗೆ. ಹನ್ನೆರಡಾದರೆ ತೊಗರಿ ಸೋರುತ್ತದೆ, ಹದಿನಾರಾದರೆ ಸುತಳಿ ಸಾಲದು. ಕೊನೆಯ ಮೂರು ಹೊಲಿಗೆ ಉಳಿದಾಗ ಚೀಟಿ ಒಳಗಿಡಬೇಕು. ಹಳದಿ ರಟ್ಟಿನ ಚೀಟಿ. ಅದರ ಮೇಲೆ ಅಂಗಡಿಯ ಗುರುತು, ಲಾಟಿನ ನಂಬರು. ಒಂದು ಲಾಟಿಗೆ ಎಷ್ಟು ಚೀಲವೋ ಅಷ್ಟೇ ಚೀಟಿ ಎಣಿಸಿ, ಅಂಗಡಿಯ ಲೆಕ್ಕ ಬರೆಯುವ ಮುನೀಮ ನನ್ನ ಕೈಗೆ ಕೊಡುತ್ತಾನೆ. ಬ್ಯಾಳಿ ಮಿಲ್ಲಿನಲ್ಲಿ ಹೊಲಿಗೆ ಬಿಚ್ಚಿದವನ ಕಣ್ಣಿಗೆ ಮೊದಲು ಅದು ಬೀಳಬೇಕು. ಚೀಟಿ ಇಲ್ಲದ ಚೀಲ ಯಾರದೂ ಅಲ್ಲ.

ದಬ್ಬಣ ಕೈಯಲ್ಲಿಲ್ಲದಾಗ ನನ್ನ ತುರುಬಿನಲ್ಲಿ ಇರುತ್ತದೆ. ಅದು ಬೇರೆಯವರ ಕೈಗೆ ಹೋದದ್ದಿಲ್ಲ, ಈ ವರ್ಷದ ತನಕ.

ನನ್ನ ಜೊತೆ ಅಂಗಳ ಗುಡಿಸುವ ಹೆಂಗಸೊಬ್ಬಳಿದ್ದಾಳೆ. ನಮ್ಮೂರಿನವಳೇ, ಆಚೆ ಓಣಿಯವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಚೀಲದ ಬುಡದಲ್ಲಿ ಬಿದ್ದ ಕಾಳು ಹೊಲಿಯುವವಳಿಗೆ, ಅಂಗಳದಲ್ಲಿ ಬಿದ್ದದ್ದು ಗುಡಿಸುವವಳಿಗೆ ಎಂಬುದು ಬಜಾರಿನ ರೂಢಿ. ಬುಡ ಎಲ್ಲಿ ಮುಗಿಯುತ್ತದೆ, ಅಂಗಳ ಎಲ್ಲಿ ಶುರುವಾಗುತ್ತದೆ ಎಂಬುದಕ್ಕೆ ಅವಳೂ ನಾನೂ ಎಂಟು ವರ್ಷ ಜಗಳಾಡಿದ್ದೇವೆ. ನಾನು ಕಾಲು ಚಾಚಿ ಅಲ್ಲಿಯವರೆಗೆ ಬುಡ ಅನ್ನುತ್ತಿದ್ದೆ. ಅವಳು ಕಸಬರಿಗೆಯಿಂದ ನನ್ನ ಕಾಲನ್ನೂ ಸೇರಿಸಿ ಗುಡಿಸುತ್ತಿದ್ದಳು.

ಹೆಸರುಕಾಳು ಬರುವ ದಿನಗಳಲ್ಲಿ ನನಗೆ ಇದು ಶುರುವಾಯಿತು. ಕಾರಣ ಏನು ಎಂದು ಎಲ್ಲರೂ ಕೇಳಿದರು. ಗಂಡ ಸತ್ತು ಹನ್ನೊಂದು ವರ್ಷ. ಆಗ ಅಳುವಷ್ಟು ಅತ್ತು, ತಿಥಿ ಮುಗಿದ ಮೇಲೆ ದಬ್ಬಣ ಹಿಡಿದೆ. ಆಗ ಬರಲಿಲ್ಲ. ಮಗ, ಸೊಸೆ ಊಟಕ್ಕೆ ಕಡಿಮೆ ಮಾಡಿಲ್ಲ. ಇದು ಕಾರಣ ಇಲ್ಲದೆ ಬಂತು. ನಿದ್ದೆ ಹೋಯಿತು. ರೊಟ್ಟಿ ಬಾಯಿಯಲ್ಲಿ ರಟ್ಟಿನ ಹಾಗೆ ಆಯಿತು. ಏಳು ಹೊಲಿಗೆ ಹಾಕಿ ಎಂಟನೆಯದಕ್ಕೆ ಕೈ ಎತ್ತಿದರೆ, ಎತ್ತಿದ ಕೈ ಹಾಗೇ ನಿಲ್ಲುತ್ತಿತ್ತು. ಯಾಕೆ ಇಳಿಸಬೇಕು ಎಂದು ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಏಳದೇ ಇದ್ದರೆ ಚಲೋ ಎಂದು ದಿನಾ ಅನಿಸುತ್ತಿತ್ತು.

ಮಗಳನ್ನು ಬಸವಕಲ್ಯಾಣಕ್ಕೆ ಕೊಟ್ಟಿದ್ದೇನೆ. ದಸರೆಗೆ ಬಂದವಳು ನನ್ನ ಮುಖ ನೋಡಿದಳು.

“ಯವ್ವಾ, ಇದು ಕೈಕಾಲ ಬ್ಯಾನಿ ಅಲ್ಲ. ಮನಸಿನ ಡಾಕ್ಟರ್ ಬಲ್ಲಿ ಹೋಗೂಣು.”

“ನಾ ಹುಚ್ಚಿ ಏನ?”

“ಹುಚ್ಚಿ ಅಂದ್ನೇನ ನಾ? ಇಲ್ಲೇ ಹುಮನಾಬಾದದಾಗ ತೋರ್ಸೂಣು.”

ಹುಮನಾಬಾದು ಬೇಡ ಎಂದವಳು ನಾನೇ. ಅಲ್ಲಿ ದವಾಖಾನೆಯ ಬಾಗಿಲಲ್ಲಿ ಹಮಾಲರ ಹೆಂಡಿರು ಕೂತಿರುತ್ತಾರೆ. ಮಧ್ಯಾಹ್ನಕ್ಕೆ ಬಜಾರಿಗೆಲ್ಲ ಸುದ್ದಿ. ಕಲ್ಯಾಣದಲ್ಲಾದರೆ ಮಗಳನ್ನು ಬಿಟ್ಟು ನನ್ನ ಗುರುತಿನವರಿಲ್ಲ. ಹಾಗಾಗಿ ಆಟೋದಲ್ಲಿ ಮುಗಿಯುವ ದಾರಿಯನ್ನು ನಾನೇ ಆಟೋ, ಬಸ್ಸು, ಮತ್ತೊಂದು ಆಟೋ ಎಂದು ಮೂರು ಮಾಡಿಕೊಂಡೆ.

ಕಲ್ಯಾಣದ ದವಾಖಾನೆಯಲ್ಲಿ ಮಂಗಳವಾರ ಮನಸ್ಸಿನ ಡಾಕ್ಟರು ಕೂಡುತ್ತಾರೆ. ನನ್ನ ಮಗನಿಗಿಂತ ಚಿಕ್ಕವನು. ಊಟ, ನಿದ್ದೆ, ಕೆಲಸ ಎಲ್ಲ ಕೇಳಿದ. ಖಿನ್ನತೆ ಅಂದ. ಆ ಶಬ್ದ ನಾನು ಅದೇ ಮೊದಲು ಕೇಳಿದ್ದು.

“ಇದು ಬ್ಯಾನಿನೇ ಅವ್ವಾ, ಸಕ್ಕರಿ ಬ್ಯಾನಿ ಇದ್ದಂಗ. ಗುಳಿಗಿ ಹಿಡಿಯಾಕ ಎರಡ ಮೂರ ವಾರ ಬೇಕ್ರಿ. ನಡುವ ಬಿಡಬ್ಯಾಡ್ರಿ. ಈ ತಾರೀಖಿಗೆಲ್ಲಾ ತಪ್ಪದ ಬರ್ರಿ.”

ಹಳದಿ ಕಾರ್ಡಿನ ಮೇಲೆ ತಿಂಗಳಿಗೊಂದರಂತೆ ನಾಲ್ಕು ತಾರೀಖು ಬರೆದು ಕೊಟ್ಟರು. ನಾನು ಅದನ್ನು ಎಲೆಅಡಿಕೆಯ ಸಂಚಿಯಲ್ಲಿ ಇಟ್ಟೆ. ಲಾಟಿನ ಚೀಟಿಗಳನ್ನೂ ಅದರಲ್ಲೇ ಇಡುವುದು.

ಗುಳಿಗೆ ಹತ್ತು ದಿನ ತೆಗೆದುಕೊಂಡೆ. ಬಾಯಿ ಒಣಗಿತು, ಕಣ್ಣು ಎಳೆಯಿತು. ಸೋಯಾದ ಸುಗ್ಗಿ ಅದು, ಚೀಲ ಸಾಲು ನಿಂತಿದ್ದವು. ಒಂದು ಚೀಲದ ಕಿವಿ ಸಡಿಲಾಗಿ ಹಮಾಲನ ಬೆನ್ನಿನ ಮೇಲೆ ಬಿಚ್ಚಿತು. ಅವನು ಬೈದ. ಗುಳಿಗೆಯಿಂದ ಕೈ ಮಂದ ಆಯಿತು ಎಂದು ನಾನೇ ತೀರ್ಮಾನ ಮಾಡಿ ನಿಲ್ಲಿಸಿದೆ. ಡಾಕ್ಟರನ್ನು ಕೇಳಲಿಲ್ಲ.

ಮೊದಲನೆಯ ತಾರೀಖು ದೀಪಾವಳಿ ಆದಮೇಲೆ ಬಂತು. ಆ ದಿನ ಎದ್ದು ಕಟ್ಟೆಯ ಮೇಲೆ ಕೂತೆ. ತಲೆ ಬಾಚಬೇಕು, ಸೀರೆ ಬದಲಿಸಬೇಕು, ಆಟೋ ನಿಲ್ಲುವಲ್ಲಿ ನಿಲ್ಲಬೇಕು. ಬಾಚಣಿಗೆ ತೊಡೆಯ ಮೇಲೆ ಇತ್ತು. ಅದನ್ನು ಎತ್ತುವುದು ಕ್ವಿಂಟಲ್ ಚೀಲ ಎತ್ತಿದಷ್ಟು ಭಾರ. ಹನ್ನೊಂದು ಗಂಟೆಗೆ ಮಗಳು ಫೋನ್ ಮಾಡಿದಳು. ಮಾಲು ಬಹಳ ಬಂದದ್ದಕ್ಕೆ ಮುನೀಮ ಬಿಡಲಿಲ್ಲ ಎಂದೆ. ಅವಳು ನಂಬಿದಳು. ನಂಬಿದ್ದಕ್ಕೆ ನನಗೆ ಅವಳ ಮೇಲೆ ಸಿಟ್ಟು ಬಂತು.

ಎರಡನೆಯ ತಾರೀಖಿಗೆ ಹೊರಟೆ. ಬಸ್ಸು ಹೆದ್ದಾರಿ ಬಿಟ್ಟು ಕಲ್ಯಾಣದ ಕಡೆ ತಿರುಗುವ ಬಂಗ್ಲಾ ಕ್ರಾಸಿನಲ್ಲಿ ಯಾರೋ ಇಳಿದರು, ನಾನೂ ಇಳಿದುಬಿಟ್ಟೆ. ಅಲ್ಲಿ ನನಗೇನೂ ಕೆಲಸ ಇರಲಿಲ್ಲ. ಒಂದು ಚಹಾದ ಅಂಗಡಿಯ ಮುಂದೆ ಕೂತೆ. ಕಲ್ಯಾಣಕ್ಕೆ ಮೂರು ಬಸ್ಸು ಹೋದವು. ಅಂಗಡಿಯವನು “ಎಲ್ಲಿಗಿ ಹೋಗಾಕಿ ಆಯಿ?” ಎಂದು ಎರಡು ಸಲ ಕೇಳಿದ. ಮೂರನೆಯ ಸಲ ಕೇಳುವ ಮೊದಲು ಎದ್ದು ರಸ್ತೆಯ ಆಚೆ ಬದಿಗೆ ಹೋಗಿ, ಹುಮನಾಬಾದಿನ ಬಸ್ಸು ಹತ್ತಿದೆ.

ಆಮೇಲೆ ತೊಗರಿ ಬಂತು. ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಿ ಉಣ್ಣುತ್ತೇವೆ. ಭಜ್ಜಿ, ಸಜ್ಜಿಕಡುಬು ಎಲ್ಲ ಸೊಸೆ ಮಾಡಿದ್ದಳು. ನಾನು ಹೊಲದ ಬದುವಿನ ಮೇಲೆ ಊರಿನ ಕಡೆ ಮುಖ ಮಾಡಿ ಕೂತಿದ್ದೆ. ಮರುದಿನದಿಂದ ಬಜಾರಿನಲ್ಲಿ ಕಾಲಿಡಲು ಜಾಗ ಇಲ್ಲ. ನಾನು ಮಾಡಿದ ತಪ್ಪು ಆ ವಾರದ್ದು.

ನಲವತ್ತು ಚೀಲದ ಲಾಟು. ನಲವತ್ತು ಚೀಟಿ ಎಣಿಸಿ ಸಂಚಿಗೆ ಹಾಕಿಕೊಂಡೆ. ಹೊಲಿಯುತ್ತಾ ಹೋದೆ. ಲಾರಿಗೆ ಕೊನೆಯ ಚೀಲ ಹತ್ತಿದ ಮೇಲೆ ಸಂಚಿಯಲ್ಲಿ ಕೈ ಹಾಕಿದರೆ ಒಂದು ಚೀಟಿ ಉಳಿದಿತ್ತು. ಚೀಟಿ ಉಳಿದರೆ ಯಾವುದೋ ಒಂದು ಚೀಲ ಚೀಟಿ ಇಲ್ಲದೆ ಹೋಗಿದೆ ಎಂದು ಅರ್ಥ. ಮುನೀಮನಿಗೆ ಹೇಳಬೇಕು, ಲಾರಿ ತಡೆಯಬೇಕು, ಹುಡುಕಬೇಕು. ಇಷ್ಟು ವರ್ಷದಲ್ಲಿ ಎರಡು ಸಲ ಹಾಗಾಗಿದ್ದಾಗ ಹಾಗೇ ಮಾಡಿದ್ದೆ. ಈ ಸಲ ಚೀಟಿಯನ್ನು ಮಡಚಿ ಸಂಚಿಯ ತಳಕ್ಕೆ ತುರುಕಿದೆ. ಲಾರಿ ಹೋಯಿತು.

ನನ್ನ ದವಾಖಾನೆಯ ಕಾರ್ಡು ಸಂಚಿಯಲ್ಲಿ ಇಲ್ಲ ಎಂದು ತಿಳಿದದ್ದು ಎರಡು ದಿನ ಬಿಟ್ಟು. ಚೀಟಿ ಎಂದು ಕಾರ್ಡನ್ನೇ ತೊಗರಿಯ ಮೇಲಿಟ್ಟು ಹೊಲಿದಿದ್ದೆ. ಖರೆ ಹೇಳಬೇಕೆಂದರೆ ನನಗೆ ಹಾಯೆನಿಸಿತು. ಈಗ ಕಾರ್ಡಿಲ್ಲ, ಹೋಗುವುದು ಹ್ಯಾಗೆ? ಮಗಳಿಗೆ ಅದನ್ನೇ ಹೇಳಿದೆ. “ನರ್ಸಬಾಯಿ ಬ್ಯಾರೆ ಬರದ್ ಕೊಡ್ತಾರ ಬಾ ಯವ್ವಾ” ಅಂದಳು. ಮೊಮ್ಮಗಳಿಗೆ ಜ್ವರ ಎಂದೆ. ಮೂರನೆಯ ತಾರೀಖು ಹೀಗೆ ಹೋಯಿತು.

ಮಿಲ್ಲಿನ ಲಾರಿ ಮುಂದಿನ ಮಾಲಿಗೆ ಬಂದಾಗ ಡ್ರೈವರು ಕಾರ್ಡು ತಂದು ಮುನೀಮನ ಕೈಗೆ ಕೊಟ್ಟ. ಜರಡಿಯವರು, ಹಮಾಲರು, ಮಾಲು ತಂದ ರೈತರು ಎಲ್ಲ ಇದ್ದರು. ಮುನೀಮ ಕೆಟ್ಟವನಲ್ಲ. ಯಾರದೋ ಏನೋ ಎಂದು ಗಟ್ಟಿಯಾಗಿ ಓದಿದ. ನನ್ನ ಹೆಸರು ಬಂತು. ವಯಸ್ಸು ಬಂತು. ಬಸವಕಲ್ಯಾಣ ಬಂತು. ಆಮೇಲೆ “ಮನೋರೋಗ ವಿಭಾಗ” ಎಂದು ಓದಿ, ಅಲ್ಲಿಗೆ ನಿಂತ. ಓದಿದ್ದನ್ನು ತಿರುಗಿ ಒಳಗೆ ಹಾಕಲು ಬರುವುದಿಲ್ಲ. ಒಬ್ಬ ಹಮಾಲ ನಕ್ಕ. ಜರಡಿಗಳು ನಿಂತವು.

“ಆಯಿ,” ಅಂದ ಮುನೀಮ, ನನ್ನ ಮುಖ ನೋಡದೆ. “ಆ ದಬ್ಬಣ ಜರಾ ಇಲ್ಲಿ ಕೊಡ್ರಿ.”

“ಯಾಕ?”

“ಚುಚ್ಚು ಸಾಮಾನ ಅದ. ನಾಳೆ ಏನರ ಆದ್ರ ಮಾಲಕ್ರು ನನಗ ಕೇಳ್ತಾರ. ಕೆಲಸ ಮಾಡಬಹುದು ಅಂತ ಡಾಕ್ಟರ್ ಬಲ್ಲಿ ಬರಸ್ಕೊಂಡ್ ಬರ್ರಿ. ಅಲ್ಲಿತನ ಗುಡಿಸ್ರಿ.”

ಗುಡಿಸುವವಳು ಕಸಬರಿಗೆ ಊರಿಕೊಂಡು ನಿಂತಿದ್ದಳು. “ಈಕಿ ಹುಚ್ಚಿ ಅಂತ ನನಗ ಎಂಟ್ ವರ್ಷದಿಂದ ಗೊತ್ತದ ಮುನೀಮ್ರ,” ಅಂದಳು. “ಹೊಲಿಗಿ ಹುಚ್ಚ ಅಲ್ಲ. ಬೇಕಾದ್ರ ಬಿಚ್ಚಿ ನೋಡ್ರಿ.”

ಎಲ್ಲರೂ ನಕ್ಕರು. ಆದರೂ ಮುನೀಮ ದಬ್ಬಣ ತೆಗೆದುಕೊಂಡ. ಅದನ್ನು ಅವಳ ಕೈಗೇ ಕೊಟ್ಟ. ಅವಳ ಕಸಬರಿಗೆ ನನ್ನ ಕೈಗೆ ಬಂತು.

ಇನ್ನಾದರೂ ಹೋದಳು ಎಂದು ಓದುವವರು ತಿಳಿಯಬಹುದು. ಮುಚ್ಚಿಡುವುದು ಏನೂ ಉಳಿದಿರಲಿಲ್ಲ. ದಬ್ಬಣ ಬೇಕಾದರೆ ಕಾಗದ ಬೇಕು, ಕಾಗದ ಬೇಕಾದರೆ ಕಲ್ಯಾಣಕ್ಕೆ ಹೋಗಬೇಕು. ನಾಲ್ಕನೆಯ ತಾರೀಖು ಬಂತು. ಸೀರೆ ಉಟ್ಟೆ, ತಲೆಯನ್ನೂ ಬಾಚಿಕೊಂಡೆ. ಚಪ್ಪಲಿಯ ಮುಂದೆ ನಿಂತೆ. ಬಿಸಿಲು ಹೊಸ್ತಿಲಿನಿಂದ ಕಟ್ಟೆಗೆ, ಕಟ್ಟೆಯಿಂದ ಅಂಗಳಕ್ಕೆ ಇಳಿಯಿತು. ಸೊಸೆ, “ಅತ್ತಿ, ಮೈಯಾಗ ಹುಷಾರ್ ಇರಲಿಲ್ಲಂದ್ರ ಇವತ್ತ ಬ್ಯಾಡ ಬಿಡ್ರಿ” ಅಂದಳು. ನಾನೂ ಬೇಡ ಎಂದೆ. ಒಳಗೆ ಹೋಗಿ ಗೋಡೆಯ ಕಡೆ ತಿರುಗಿ ಮಲಗಿದೆ.

ಅಲ್ಲಿ ಮಲಗಿದ್ದಾಗ ನನಗೆ ಒಂದು ಮಾತು ಹೊಳೆಯಿತು. ನನ್ನನ್ನು ಪ್ರೀತಿ ಮಾಡುವವರೆಲ್ಲ ನಾನು ಹೇಳಿದ್ದು ಕೇಳುತ್ತಾರೆ. ಒಲ್ಲೆ ಎಂದರೆ ಬಿಡು ಅನ್ನುತ್ತಾರೆ, ನಾಳೆ ಎಂದರೆ ನಾಳೆ ಅನ್ನುತ್ತಾರೆ. ನನಗೆ ಬೇಕಾದದ್ದು ನನ್ನ ಮಾತು ಕೇಳದವರು. ಅಂಥವಳು ನನ್ನ ಬದುಕಿನಲ್ಲಿ ಒಬ್ಬಳೇ ಇದ್ದಳು.

ಸಂಜೆ ಆಚೆ ಓಣಿಗೆ, ಗುಡಿಸುವವಳ ಮನೆಗೆ ಹೋದೆ. ಒಂದೇ ಊರಿನಲ್ಲಿ ಇಷ್ಟು ವರ್ಷ ಇದ್ದೂ ಅವಳ ಓಣಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಅವಳು ಅಂಗಳದಲ್ಲಿ ಕೂತು ಬೆರಳಿಗೆ ಅರಿಷಿಣ ಹಚ್ಚುತ್ತಿದ್ದಳು. ಕೂಡು ಅನ್ನಲಿಲ್ಲ. ನಾನೇ ಕೂತೆ. ಕಾರ್ಡು ಅವಳ ಮುಂದೆ ಇಟ್ಟೆ.

“ಬರೋ ಮಂಗಳವಾರ ನನ್ನ ಕಲ್ಯಾಣಕ್ಕ ಕರ್ಕೊಂಡ್ ಹೋಗು. ನಾ ಒಲ್ಲೆ ಅಂತೀನಿ. ಕೇಳಬ್ಯಾಡ.”

“ನನಗೇನ ಬಂತು?”

“ಬುಡದ ಕಾಳ ಇನ್ನ ಮ್ಯಾಲ ನಿಂದೇ.”

ಅವಳು ನಕ್ಕಳು. “ದಬ್ಬಣಾನೇ ನನ್ನ ಬಲ್ಲಿ ಅದ. ಬುಡದ ಕಾಳ ಯಾವಾಗೋ ನಂದ ಆಗ್ಯಾದ, ಮುದುಕಿ.”

ಅದು ನಿಜ. ನಾನು ಎದ್ದೆ. ನಾನು ನೆಟ್ಟಗಾದರೆ ಅವಳಿಗೆ ನಷ್ಟ. ಅಷ್ಟು ಲೆಕ್ಕ ನನಗೂ ಬರುತ್ತದೆ.

“ಕೂಡು,” ಅಂದಳು ಆಗ. ಎರಡೂ ಕೈ ಮುಂದೆ ಚಾಚಿದಳು. ಬೆರಳ ತುದಿಯೆಲ್ಲ ತೂತು, ಕೆಲವು ಕೀವಾಗಿದ್ದವು. “ಇದು ನನ್ನ ಕೆಲಸಲ್ಲ. ದಿನಾ ಹಮಾಲರ ಕಡಿಂದ ಬೈಸ್ಕೊಳಾಕತ್ತೇನಿ. ನಿನ್ನ ಹೊಲಿಗಿ ನೀ ಹೊಲಿ, ನನ್ನ ಕಸಬರಗಿ ನನಗ ಕೊಡು. ಮಂಗಳವಾರ ಎಷ್ಟ್ ಗಂಟೆಕ್ಕ?”

ಮಂಗಳವಾರ ಏಳು ಗಂಟೆಗೆ ಬಾಗಿಲಿಗೆ ಬಂದಳು. ಸೊಸೆ ಬೆರಗಾಗಿ ನನ್ನ ಮುಖ ನೋಡಿದಳು.

“ಏಳು.”

“ಇವತ್ತ ಆಗವಲ್ದು. ತಲಿ ತಿರಗಾಕತ್ತದ.”

“ನಿನ್ನ ಯಾರ್ ಕೇಳ್ಯಾರ?”

“ಮುಂದಿನ ವಾರ ಹೋಗೂಣು.”

“ಲಾರಿಗಿ ಹಾಕೋ ಮುಂದ ಚೀಲಕ್ಕ ಕೇಳ್ತಿದ್ದಿ ಏನ ನೀ? ಏಳು. ಬಾಚ್ಕೋಬ್ಯಾಡ. ಹುಚ್ಚಿ ಇದ್ದಂಗೇ ಬಾ, ಡಾಕ್ಟರ್ಗೂ ಗೊತ್ತಾಗ್ತದ.”

ರಟ್ಟೆ ಹಿಡಿದು ಎಬ್ಬಿಸಿದಳು. ಸೊಸೆ, “ಸಾವಕಾಶರೀ” ಅಂದಳು. ಇವಳು ತಿರುಗಿಯೂ ನೋಡಲಿಲ್ಲ. ಬಂಗ್ಲಾ ಕ್ರಾಸು ಬಂದಾಗ ನಾನು ಎದ್ದೆ. ಅವಳು ನನ್ನ ಸೆರಗನ್ನು ತನ್ನ ತೊಡೆಯ ಕೆಳಗೆ ಹಾಕಿಕೊಂಡು ಕೂತಿದ್ದಳು. ಎದ್ದಷ್ಟೇ ಬೇಗ ಕೂತೆ.

ಡಾಕ್ಟರು ಕಾರ್ಡು ನೋಡಿದ. ತೊಗರಿಯ ಧೂಳು ಅದಕ್ಕೆ ಇನ್ನೂ ಹತ್ತಿಕೊಂಡಿತ್ತು.

“ಇಷ್ಟ್ ತಿಂಗಳ ಯಾಕ ಬರಲಿಲ್ಲ ಅವ್ವಾ?”

“ಬರಾಕ ಆಗೂ ಹಂಗ ಇದ್ರ ನಿಮ್ಮ ಬಲ್ಲಿ ಯಾಕ ಬರ್ತಿದ್ದೆ ಸಾಹೇಬ್ರ?”

ಅವನು ಪೆನ್ನು ಕೆಳಗಿಟ್ಟ. ಆಮೇಲೆ, ಸಾಯಬೇಕು ಅನಿಸುತ್ತದೆಯೇ ಎಂದು ನೇರವಾಗಿ ಕೇಳಿದ. ನೇರವಾಗಿ ಕೇಳಿದ್ದಕ್ಕೆ ಹೌದು ಎಂದೆ. ಯಾವಾಗಿನಿಂದ, ದಿನಕ್ಕೆ ಎಷ್ಟು ಹೊತ್ತು ಎಂದೆಲ್ಲ ಕೇಳಿ ಬರೆದುಕೊಂಡ. ಬಾಗಿಲ ಹತ್ತಿರ ನಿಂತಿದ್ದ ಅವಳಿಗೆ ಎಲ್ಲ ಕೇಳಿಸುತ್ತಿತ್ತು. ಹೊರಗೆ ಹೋಗು ಎಂದು ನಾನು ಅನ್ನಲಿಲ್ಲ.

ಗುಳಿಗೆ ಮೊದಲಿನಿಂದ, ಸಣ್ಣದರಿಂದ ಶುರು ಎಂದ. ಹದಿನೈದು ದಿನಕ್ಕೆ ಬರಬೇಕು, ತಿಂಗಳಿಗಲ್ಲ. ಗುಳಿಗೆ ನನ್ನ ಬಳಿ ಇರಬಾರದು, ದಿನದ್ದು ದಿನ ಬೇರೆಯವರು ಕೊಡಬೇಕು.

“ನನ್ನ ಬಲ್ಲಿ ಇರ್ಲಿ,” ಅಂದಳು ಅವಳು. “ನಾ ಕೊಡ್ತೀನಿ. ನುಂಗಿದ್ದು ನೋಡ್ತೀನಿ.”

“ನೀವು ಇವರಿಗೆ ಏನಾಗ್ಬೇಕ್ರಿ?”

“ಏನೂ ಆಗ್ಬೇಕಾಗಿಲ್ರಿ. ಜಗಳದವರು.”

ಕೆಲಸದ ಕಾಗದ ಕೇಳಿದೆ. ಇವತ್ತು ಬರೆಯಲಾರೆ, ಇನ್ನೂ ಎರಡು ಸಲ ಬಂದು ಕೈ ಹ್ಯಾಗಿದೆ ತೋರಿಸಿರಿ, ಆಗ ನೋಡೋಣ ಎಂದ. ಸಿಟ್ಟು ಬಂತು. ಆದರೆ ಅವನು ಹೇಳಿದ್ದು ಬರೋಬ್ಬರಿ. ನನ್ನ ಕೈ ಆಗ ಚಹಾದ ಕಪ್ಪನ್ನೂ ನೆಟ್ಟಗೆ ಹಿಡಿಯುತ್ತಿರಲಿಲ್ಲ.

ಮತ್ತೆ ಎರಡು ಮಂಗಳವಾರ ಹೋದೆವು. ಎರಡು ಸಲವೂ ನಾನು ಒಲ್ಲೆ ಎಂದೆ, ಎರಡು ಸಲವೂ ಅವಳು ಎಳೆದಳು. ನಡುವೆ ಒಂದು ಮುಂಜಾನೆ ಗುಳಿಗೆಯನ್ನು ದವಡೆಯಲ್ಲಿ ಇಟ್ಟುಕೊಂಡು ನುಂಗಿದೆ ಎಂದೆ. ಬಜಾರಿನ ನಡುವೆ ಬಾಯಿ ತೆರೆಸಿ ಬೆರಳು ಹಾಕಿ ನೋಡಿದಳು. ಎಲ್ಲರೂ ನೋಡಿದರು. ಆ ಹೊತ್ತಿಗೆ ನಾಚಿಕೆಯೂ ಮುಗಿದಿತ್ತು. ಮೂರನೆಯ ವಾರ ದಾಟಿದ ಮೇಲೆ ಒಂದು ದಿನ ರೊಟ್ಟಿ ರೊಟ್ಟಿಯ ಹಾಗೆ ಬಾಯಿಗೆ ಹತ್ತಿತು. ಅಷ್ಟೇ. ಮರುದಿನ ಮತ್ತೆ ರಟ್ಟು. ಅದರ ಮರುದಿನ ಮತ್ತೆ ರೊಟ್ಟಿ.

ಡಾಕ್ಟರು ಕಾಗದ ಕೊಟ್ಟ ಮರುದಿನ ಅದನ್ನು ಮುನೀಮನ ಮುಂದೆ ಇಟ್ಟೆ. ಅವನು ಪೂರ್ತಿ ಓದಿದ, ಈ ಸಲ ಗಟ್ಟಿಯಾಗಿ ಅಲ್ಲ. ಓದಿ ಮಡಚಿ ತಿರುಗಿ ಕೊಟ್ಟ.

“ಆಯಿ, ಕಡ್ಲಿ ಬರೋತನ ನಿಮ್ಮ ದಾರಿ ನೋಡಿದ್ವಿ. ಈಕಿ ಹೊಲ್ದಿದ್ದ ಚೀಲ ಮಿಲ್ಲಿನವರು ತಿರುಗಿ ಕಳಿಸ್ಯಾರ. ಮಾಲಕ್ರು ನಿನ್ನೆ ಮಶೀನ್ ತಂದಾರ.”

ಕಾಟಾದ ಪಕ್ಕ ಅದು ನೇತಾಡುತ್ತಿತ್ತು. ಕೈಯಲ್ಲಿ ಹಿಡಿಯುವ ಹೊಲಿಗೆ ಮಶೀನು, ಒಂದು ಹಿಡಿಕೆ, ಒಂದು ವೈರು. ಒಬ್ಬ ಹಮಾಲ ಚೀಲದ ಬಾಯಿಗೆ ಹಿಡಿದ. ಗರ್ ಎಂದಿತು, ಮುಗಿಯಿತು. ಹೊಲಿಗೆ ಎಣಿಸಲು ಹೋದೆ. ಎಣಿಸಲು ಬರುವಂಥವು ಅಲ್ಲ.

ಮೊದಲನೆಯ ತಾರೀಖಿಗೆ ಹೋಗಿದ್ದರೆ ತೊಗರಿಯ ಹೊತ್ತಿಗೆ ಕೈ ಸುಧಾರಿಸುತ್ತಿತ್ತೋ ಏನೋ. ಕಾರ್ಡು ಚೀಲಕ್ಕೆ ಹೋಗುತ್ತಿರಲಿಲ್ಲ. ಮಶೀನು ಮುಂದಿನ ವರ್ಷ ಬರುತ್ತಿತ್ತು. ಬರುವುದಂತೂ ಬರುತ್ತಿತ್ತು. ಆದರೆ ಒಂದು ಸುಗ್ಗಿ ನನ್ನದಿತ್ತು, ಅದನ್ನು ನಾನು ಕಟ್ಟೆಯ ಮೇಲೆ ಕೂತು ಕಳೆದೆ. ಅದನ್ನು ಕಳೆದದ್ದು ಬ್ಯಾನಿ, ನಾನಲ್ಲ ಎಂದು ಡಾಕ್ಟರು ಅನ್ನುತ್ತಾನೆ. ಇರಬಹುದು. ದಬ್ಬಣ ಹೋದದ್ದು ನನ್ನದೇ.

ಈಗ ಇಬ್ಬರೂ ಗುಡಿಸುತ್ತೇವೆ. ಹೊಲಿಯುವವಳಿಲ್ಲದ ಮೇಲೆ ಬುಡದ ಕಾಳು, ಅಂಗಳದ ಕಾಳು ಎಂಬ ಭೇದ ಇಲ್ಲ. ಎಲ್ಲ ಕೂಡಿಸಿ ಅರ್ಧ ಅರ್ಧ ಹಂಚಿಕೊಳ್ಳುತ್ತೇವೆ. ಜಗಳ ಹೋಯಿತು. ಅದು ಹೋದದ್ದು ನನಗೆ ಸೇರಿಲ್ಲ. ದಬ್ಬಣವನ್ನು ಅವಳು ನನಗೇ ಕೊಟ್ಟಳು. ಅವಳ ಪಾಲಿನ ತೊಗರಿಯ ಸಣ್ಣ ಚೀಲವನ್ನು ಒಂದು ದಿನ ಹೊಲಿದು ಕೊಟ್ಟೆ. “ಇಷ್ಟ್ ಬಿಗಿದ್ರ ಬಿಚ್ಚಿ ಉಣ್ಲಿ ಹ್ಯಾಂಗ?” ಎಂದು ಬೈದಳು.

ಕಾರ್ಡು ಅವಳ ಬಳಿಯೇ ಇದೆ, ಗುಳಿಗೆಯೂ. ಬ್ಯಾನಿ ಪೂರ್ತಿ ಹೋಗಿಲ್ಲ. ಕಳೆದ ಮಂಗಳವಾರವೂ ಅವಳು ಏಳು ಗಂಟೆಗೆ ಬಾಗಿಲಲ್ಲಿ ನಿಂತಳು. ನಾನು ಒಲ್ಲೆ ಎಂದೆ. ಅನ್ನುವಾಗ ಚಪ್ಪಲಿ ಹುಡುಕುತ್ತಿದ್ದೆ.